ದಖನಿ ಕುರಿಗೆ ವಿದ್ಯುತ್ ಕತ್ತರಿ: ಆಳಂದ ಸೀಮೆಯಿಂದ ಒಂದು ವಿಮರ್ಶೆ

ಕುರಿಯ ಉಣ್ಣೆ ಕತ್ತರಿಸುವ ವಿದ್ಯುತ್ ಯಂತ್ರವನ್ನು ಕೊಳ್ಳಬೇಕೇ ಬೇಡವೇ ಎಂದು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಕುರಿ ಸಾಕಣೆಗಾರರು ಈಚೆಗೆ ಪರಸ್ಪರ ಕೇಳಿಕೊಳ್ಳುತ್ತಿದ್ದಾರೆ. ನಾನು ಆಳಂದ ತಾಲ್ಲೂಕಿನಲ್ಲಿ ದಖನಿ ಕುರಿಗಳ ಹಿಂಡನ್ನು ಉಣ್ಣೆ ಮತ್ತು ಮಾಂಸ ಎರಡಕ್ಕೂ ಸಾಕುತ್ತಿದ್ದೇನೆ. ಕೈಗತ್ತರಿಯ ಕೆಲಸಗಾರರು ಸಿಗುವುದು ಕಷ್ಟವಾದ ಮೇಲೆ ಇಂಥದೊಂದು ಯಂತ್ರವನ್ನು ತರಿಸಿ, ಮುಂಗಾರಿಗೆ ಮುಂಚಿನ ಕತ್ತರಿಕೆಗೂ ದೀಪಾವಳಿಯ ಆಸುಪಾಸಿನ ಕತ್ತರಿಕೆಗೂ ಬಳಸಿ ನೋಡಿದ್ದೇನೆ. ಯಂತ್ರದ ಹೆಸರನ್ನು ಬರೆಯುವುದಿಲ್ಲ. ಒಂದೇ ಅಚ್ಚಿನ, ಒಂದೇ ಅಳತೆಯ ಯಂತ್ರಗಳು ಬೇರೆ ಬೇರೆ ಬಣ್ಣದಲ್ಲಿ, ಬೇರೆ ಬೇರೆ ಚೀಟಿ ಅಂಟಿಸಿಕೊಂಡು ಮಾರಾಟವಾಗುತ್ತಿರುವುದರಿಂದ ಹೆಸರು ತಿಳಿದರೂ ಕೊಳ್ಳುವವರಿಗೆ ಹೆಚ್ಚಿನ ಪ್ರಯೋಜನವಿಲ್ಲ. ಹೀಗಾಗಿ ಈ ಬರಹವನ್ನು 230 ವೋಲ್ಟಿನ ಸಿಂಗಲ್ ಫೇಸ್ ವಿದ್ಯುತ್ತಿನಲ್ಲಿ ನಡೆಯುವ, ಕೈಯಲ್ಲಿ ಹಿಡಿದು ಓಡಿಸುವ, ಬಾಗಿದ ಹಲ್ಲಿನ ಬ್ಲೇಡುಳ್ಳ ಸಾಮಾನ್ಯ ಯಂತ್ರದ ವಿಮರ್ಶೆ ಎಂದು ಓದಬೇಕು.

ಮೊದಲಿಗೆ ಯಾವ ಉಣ್ಣೆಗಾಗಿ ಈ ಯಂತ್ರ ಹುಟ್ಟಿತು ಎಂಬುದನ್ನು ಹೇಳಬೇಕು, ಏಕೆಂದರೆ ಮುಂದೆ ಹೇಳಲಿರುವ ಗುಣದೋಷಗಳೆಲ್ಲ ಅಲ್ಲಿಂದಲೇ ಬಂದವು. ಫ್ರೆಡೆರಿಕ್ ವುಲ್ಸ್ಲಿ ಎಂಬುವನು ಆಸ್ಟ್ರೇಲಿಯಾದಲ್ಲಿ 1877ರಲ್ಲಿ ಉಣ್ಣೆ ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದನು. 1888ರಲ್ಲಿ ಡಾರ್ಲಿಂಗ್ ನದಿಯ ದಂಡೆಯ ಡನ್‌ಲಪ್ ಎಂಬ ಕುರಿ ನೆಲೆಯಲ್ಲಿ ಒಂದು ಇಡೀ ಋತುವಿನ ಕತ್ತರಿಕೆಯನ್ನು ಯಂತ್ರದಿಂದಲೇ ಮುಗಿಸಿದರು. ಅಲ್ಲಿ ಮುಖ್ಯವಾಗಿ ಮೆರಿನೊ ಕುರಿಗಳಿದ್ದವು, ನ್ಯೂಜಿಲೆಂಡಿನಲ್ಲಿ ಲಿಂಕನ್, ಲೀಸೆಸ್ಟರ್, ರಾಮ್ನಿಯಂಥ ಉದ್ದ ಉಣ್ಣೆಯ ಇಂಗ್ಲಿಷ್ ತಳಿಗಳೂ ಅವುಗಳ ಮಿಶ್ರತಳಿಗಳೂ ಇದ್ದವು. ಲಿಂಕನ್ ಕುರಿಯ ಉಣ್ಣೆಯ ಎಳೆ 20 ಸೆಂಟಿಮೀಟರಿಗಿಂತ ಉದ್ದವಾಗಿ ಜಡೆಯಂತೆ ಇಳಿಬಿದ್ದಿರುತ್ತದೆ ಮತ್ತು ಒಂದೇ ಕುರಿಯಿಂದ ವರ್ಷಕ್ಕೆ 5 ಕೆ.ಜಿ.ಗೂ ಮೀರಿ ಉಣ್ಣೆ ಬರುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಲೀಸೆಸ್ಟರ್ ಪ್ರಾಂತದ ಡಿಶ್ಲಿ ಎಂಬಲ್ಲಿ ರಾಬರ್ಟ್ ಬೇಕ್‌ವೆಲ್ ಆಯ್ದ ಟಗರುಗಳನ್ನು ಇತರ ರೈತರಿಗೆ ಬಾಡಿಗೆಗೆ ಕೊಡುತ್ತ ಈ ಉದ್ದ ಉಣ್ಣೆಯ ತಳಿಗಳಲ್ಲಿ ಬೇಗ ಮಾಂಸ ತುಂಬಿಕೊಳ್ಳುವ ಗುಣವನ್ನು ಬಲಪಡಿಸಿದ್ದನು. ಉಣ್ಣೆ ಮತ್ತು ಮಾಂಸ ಎರಡನ್ನೂ ಒಂದೇ ಕುರಿಯಿಂದ ಪಡೆಯುವ ಲೆಕ್ಕ ಆ ನಾಡಿಗೆ ಅಷ್ಟು ಹಳೆಯದು. ಅಂಥ ಕುರಿಯ ಮೈಮೇಲೆ ಯಂತ್ರ ಓಡಿದರೆ ತುಪ್ಪಟವು ಹಾಸಿದ ಜಮಖಾನೆಯಂತೆ ಒಂದೇ ಹಾಳೆಯಾಗಿ ಬಿಚ್ಚಿಕೊಳ್ಳುತ್ತದೆ.

ನಮ್ಮ ದಖನಿ ಕುರಿಯ ತುಪ್ಪಟ ಹಾಗಿಲ್ಲ. ಅದು ಬಿಡಿಬಿಡಿಯಾದ, ಒರಟಾದ, ಕೂದಲು ಬೆರೆತ ಉಣ್ಣೆ. ಹೆಚ್ಚಿನವು ಕಪ್ಪು, ಬೂದು ಮತ್ತು ಬಿಳಿ ಮಚ್ಚೆಯವೂ ಉಂಟು. ಹೊಟ್ಟೆಯಲ್ಲಿಯೂ ಕಾಲುಗಳಲ್ಲಿಯೂ ಉಣ್ಣೆ ಇರುವುದಿಲ್ಲವೆಂದೇ ಹೇಳಬೇಕು. ವರ್ಷಕ್ಕೆ ಎರಡು ಸಲ ಕತ್ತರಿಸುವುದರಿಂದ ಎಳೆ ಮೂರು ನಾಲ್ಕು ಬೆರಳಿಗಿಂತ ಉದ್ದ ಬೆಳೆಯುವುದಿಲ್ಲ, ಎರಡೂ ಸಲದ್ದು ಸೇರಿಸಿದರೂ ಸಾಮಾನ್ಯವಾಗಿ ಒಂದು ಕಿಲೋ ದಾಟುವುದಿಲ್ಲ. ಬೆಳೆದ ಟಗರು 38 ಕೆ.ಜಿ. ಸುಮಾರಿಗೆ, ಹೆಣ್ಣು ಕುರಿ 28ರಿಂದ 30 ಕೆ.ಜಿ.ಗೆ ನಿಲ್ಲುತ್ತದೆ. ಇಷ್ಟು ಕಡಿಮೆ ಇಳುವರಿಯ ಕುರಿಯನ್ನು ಏಕೆ ಸಾಕಬೇಕು ಎಂದು ಕೇಳುವವರಿಗೆ ಉತ್ತರ ಅದರ ಕಾಲಿನಲ್ಲಿದೆ: ಸುಗ್ಗಿ ಮುಗಿದ ಮೇಲೆ ತೊಗರಿ, ಜೋಳದ ಕೂಳೆ ಹೊಲಗಳಲ್ಲಿ ದಿನವಿಡೀ ನಡೆದು, ರಾತ್ರಿ ಹೊಲದಲ್ಲಿ ತರುಬಿ ಗೊಬ್ಬರ ಕೊಟ್ಟು, ಏಪ್ರಿಲ್-ಮೇ ತಿಂಗಳ 42 ಡಿಗ್ರಿ ಬಿಸಿಲಿನಲ್ಲಿಯೂ ಬದುಕುವ ತಳಿ ಇದು. ಉಣ್ಣೆ ಮೃದುವಾಗಲೆಂದು ಹಿಂದಿನ ದಶಕಗಳಲ್ಲಿ ರಾಂಬುಯೆ, ಮೆರಿನೊ ಟಗರುಗಳನ್ನು ತಂದು ದಖನಿಯೊಂದಿಗೆ ಬೆರೆಸುವ ಸರ್ಕಾರಿ ಯತ್ನಗಳು ನಡೆದವು. ಆ ಮಿಶ್ರತಳಿಗಳು ಅಲೆದಾಟದ ಸಾಕಣೆಗೆ ಒಗ್ಗಲಿಲ್ಲ. ಯಂತ್ರವೂ ಅದೇ ಬಗೆಯ ಪರಸ್ಥಳದ ವಸ್ತು. ಆದರೆ ಕುರಿಗಿಂತ ಯಂತ್ರವನ್ನು ಒಗ್ಗಿಸಿಕೊಳ್ಳುವುದು ಸುಲಭ ಎಂಬ ನಂಬಿಕೆಯಿಂದಲೇ ಕೊಂಡೆ. ಆ ನಂಬಿಕೆ ಅರ್ಧ ಮಟ್ಟಿಗೆ ನಿಜವಾಗಿದೆ.

ಇನ್ನು ಯಂತ್ರದ ರಚನೆ. ಹಿಡಿಕೆಯೊಳಗೆ ಮೋಟಾರು, ಮುಂದೆ ಎರಡು ಬ್ಲೇಡುಗಳು. ಕೆಳಗಿನದು ಅಲುಗಾಡದ 13 ಹಲ್ಲಿನ ಬಾಚಣಿಗೆ, ಅದರ ಮೇಲೆ ಎಡಕ್ಕೂ ಬಲಕ್ಕೂ ಓಡುವುದು 4 ಮೊನೆಯ ಬ್ಲೇಡು. ಕೆಳಗಿನ ಹಲ್ಲುಗಳು ಉಣ್ಣೆಯನ್ನು ಸೀಳಿ ಎತ್ತಿಕೊಡುತ್ತವೆ, ಮೇಲಿನದು ಕತ್ತರಿಸುತ್ತದೆ. ಎರಡರ ನಡುವಿನ ಬಿಗಿಯನ್ನು ಹಿಡಿಕೆಯ ಮೇಲಿನ ತಿರುಪಿನಿಂದ ಹೊಂದಿಸಬೇಕು. ಬಿಗಿ ಕಡಿಮೆಯಾದರೆ ಉಣ್ಣೆ ಬ್ಲೇಡುಗಳ ನಡುವೆ ಸಿಕ್ಕಿ ಎಳೆದಾಡುತ್ತದೆ, ಕುರಿ ಒದೆಯುತ್ತದೆ. ಹೆಚ್ಚಾದರೆ ಬ್ಲೇಡು ಬಿಸಿಯಾಗಿ ಕೆಲವೇ ಕುರಿಗಳಿಗೆ ಮೊಂಡಾಗುತ್ತದೆ. ಡಬ್ಬಿಯ ಮೇಲೆ ಮುದ್ರಿಸಿದ ವಾಟ್ ಸಂಖ್ಯೆಗಳನ್ನು ನೋಡಿ ಕೊಳ್ಳುವುದಕ್ಕಿಂತ ಹಿಡಿಕೆಯ ಸುತ್ತಳತೆಯನ್ನು ನೋಡಿ ಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಈ ಹಿಡಿಕೆಗಳು ದಪ್ಪಗಿರುತ್ತವೆ. ಜೊತೆಗೆ ಸುಮಾರು ಒಂದೂವರೆ ಕಿಲೋ ತೂಕ. ನಮ್ಮಲ್ಲಿ ಉಣ್ಣೆ ಕತ್ತರಿಸುವ ಹಿರಿಯರಲ್ಲಿ ಹಲವರ ಕೈ ಸಣ್ಣದು, ಅವರ ಮುಂಗೈ ಮಧ್ಯಾಹ್ನದ ಹೊತ್ತಿಗೇ ಸೋಲುತ್ತದೆ. ಸದ್ದು ಕಿವಿಗೆ ಅಸಹ್ಯವೆನಿಸುವಷ್ಟಿಲ್ಲ. ಮೊದಲ ದಿನ ಬೆದರಿದ ಕುರಿಗಳು ಬೇಗನೆ ಹೊಂದಿಕೊಂಡವು, ಹಟ್ಟಿಯ ನಾಯಿಗಳು ಮಾತ್ರ ಇಂದಿಗೂ ಹೊಂದಿಕೊಂಡಿಲ್ಲ.

ವೇಗದ ವಿಷಯದಲ್ಲಿ ಯಂತ್ರಕ್ಕೆ ಪೂರ್ಣ ಅಂಕ ಕೊಡಬಹುದು, ಆದರೆ ಒಂದು ಷರತ್ತಿನೊಂದಿಗೆ. ಕೈಗತ್ತರಿಯವರು ಒಂದು ಕುರಿಗೆ ಹತ್ತು ಹದಿನೈದು ನಿಮಿಷ ತೆಗೆದುಕೊಳ್ಳುವಲ್ಲಿ ಯಂತ್ರ ಪಳಗಿದವರು ಐದಾರು ನಿಮಿಷಕ್ಕೆ ಮುಗಿಸುತ್ತಾರೆ. ಪಳಗದವರ ಕೈಯಲ್ಲಿ ಎರಡೂ ಒಂದೇ. ಕೈಗತ್ತರಿ ಸ್ವಭಾವತಃ ನಿಧಾನದ ಸಾಧನವೇನೂ ಅಲ್ಲ ಎಂಬುದಕ್ಕೆ ಜಾಕ್ ಹೋವ್ ಎಂಬ ಆಸ್ಟ್ರೇಲಿಯಾದ ಕೆಲಸಗಾರ 1892ರಲ್ಲಿ ಕ್ವೀನ್ಸ್‌ಲ್ಯಾಂಡಿನ ಆಲಿಸ್ ಡೌನ್ಸ್‌ನಲ್ಲಿ 7 ಗಂಟೆ 40 ನಿಮಿಷಗಳಲ್ಲಿ 321 ಕುರಿಗಳ ಉಣ್ಣೆಯನ್ನು ಕೈಗತ್ತರಿಯಿಂದಲೇ ತೆಗೆದದ್ದು ಸಾಕ್ಷಿ. ಆಸ್ಟ್ರೇಲಿಯಾದವರ ಗುಟ್ಟು ಕತ್ತರಿಗಿಂತ ಕುರಿಯನ್ನು ಹಿಡಿಯುವ ರೀತಿಯಲ್ಲಿದೆ. ನಾವು ಕುರಿಯ ಕಾಲು ಕಟ್ಟಿ ಮಗ್ಗುಲಿಗೆ ಕೆಡವುತ್ತೇವೆ, ಅವರು ಕಟ್ಟದೆ ಪೃಷ್ಠದ ಮೇಲೆ ಕೂರಿಸಿ, ತಮ್ಮ ಮೊಣಕಾಲುಗಳ ನಡುವೆ ಒರಗಿಸಿಕೊಂಡು, ಪ್ರತಿ ಹೊರಳಿಕೆಯಲ್ಲೂ ಕುರಿಯ ಚರ್ಮ ಬಿಗಿಯಾಗುವಂತೆ ತಿರುಗಿಸುತ್ತಾರೆ. ಚರ್ಮ ಬಿಗಿಯಾಗಿದ್ದರೆ ಮಾತ್ರ ಯಂತ್ರ ಗಾಯ ಮಾಡದೆ ಓಡುತ್ತದೆ. ಯಂತ್ರದ ಜೊತೆಗೆ ಬಂದ ಕೈಪಿಡಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಇದ್ದ ಚಿತ್ರಗಳಲ್ಲಿ ಕುರಿ ನಿಂತೇ ಇತ್ತು. ಕೂರಿಸುವ ಪದ್ಧತಿಯನ್ನು ಕಲಿಯದೆ ಯಂತ್ರ ಕೊಳ್ಳುವುದು ದುಡ್ಡಿನ ಪೋಲು.

ಜಾಗವೂ ಮುಖ್ಯ. ನಮ್ಮ ಕಪ್ಪು ನೆಲದ ಮೇಲೆ ಕುರಿಯನ್ನು ಕೆಡವಿದರೆ ಉಣ್ಣೆಗೆ ಮಣ್ಣು ಹತ್ತುತ್ತದೆ, ಆ ಮಣ್ಣು ಬ್ಲೇಡನ್ನು ಕಲ್ಲಿಗೆ ಉಜ್ಜಿದಷ್ಟು ಬೇಗ ಸವೆಸುತ್ತದೆ. ಶಹಾಬಾದ್ ಕಲ್ಲು ಹಾಸಿದ ಅಂಗಳ ಇದಕ್ಕೆ ಅತ್ಯುತ್ತಮ. ಕಲ್ಲು ತೊಳೆದು, ಒಣಗಿಸಿ, ಮೇಲೆ ಒಂದು ತಾಡಪತ್ರಿ ಹಾಸಿಕೊಂಡರೆ ಉಣ್ಣೆ ಶುಚಿಯಾಗಿ ಸಿಗುತ್ತದೆ. ಕುರಿಗಳನ್ನು ಹಿಂದಿನ ರಾತ್ರಿ ಮೇವಿಲ್ಲದೆ ದಡ್ಡಿಯಲ್ಲಿ ಇರಿಸಬೇಕು. ಹೊಟ್ಟೆ ತುಂಬಿದ ಕುರಿಯನ್ನು ಬೆನ್ನ ಮೇಲೆ ಹೊರಳಿಸಿದರೆ ಉಸಿರು ಕಟ್ಟುತ್ತದೆ, ಒದ್ದಾಡುತ್ತದೆ. ಒದ್ದೆಯಾದ ಉಣ್ಣೆಯನ್ನು ಯಂತ್ರದಿಂದ ಕತ್ತರಿಸುವುದು ವಿದ್ಯುತ್ತಿನ ದೃಷ್ಟಿಯಿಂದಲೂ ಅಪಾಯ, ಮೂಟೆ ಕಟ್ಟಿದ ಮೇಲೆ ಉಣ್ಣೆ ಬೂಸ್ಟು ಹಿಡಿಯುತ್ತದೆ. ಉತ್ತರಾಣಿಯ ಮುಳ್ಳು ಸಿಕ್ಕಿಕೊಂಡಿರುವ ಕುತ್ತಿಗೆ, ಎದೆ ಭಾಗಗಳಲ್ಲಿ ಯಂತ್ರ ತಡವರಿಸುತ್ತದೆ. ಅಲ್ಲಿ ಕೈಗತ್ತರಿಯನ್ನೇ ಹಿಡಿಯುವುದು ಜಾಣತನ. ಕೆಲಸದ ನಡುವೆ ಬ್ಲೇಡಿಗೆ ಎಣ್ಣೆ ಬಿಡುತ್ತಿರಬೇಕು. ಇಲ್ಲವಾದರೆ ಮೇ ತಿಂಗಳ ಬಿಸಿಗಾಳಿಯಲ್ಲಿ ಕೆಲವೇ ನಿಮಿಷಗಳಲ್ಲಿ ಬ್ಲೇಡು ಕೈಗೆ ತಾಗದಷ್ಟು ಕಾಯುತ್ತದೆ, ಕುರಿಯ ಚರ್ಮಕ್ಕೂ ಅದೇ ಬಿಸಿ ತಾಗುತ್ತದೆ.

ಈಗ ಉಣ್ಣೆಯ ಮಾತು. ಯಂತ್ರದ ದೊಡ್ಡ ಕೊರತೆ ಕಾಣಿಸಿಕೊಂಡದ್ದು ಇಲ್ಲಿಯೇ, ಅದೂ ಕತ್ತರಿಸುವ ದಿನ ಅಲ್ಲ, ಉಣ್ಣೆ ನೂಲುವವರ ಮನೆಗೆ ಹೋದ ಮೇಲೆ. ಯಂತ್ರ ಹಿಡಿದವನ ಕೈ ಚರ್ಮದಿಂದ ಅರ್ಧ ಇಂಚು ಮೇಲೆ ಓಡಿದರೆ ಹಿಂದೆ ಗೀರುಗೀರಾಗಿ ಉಣ್ಣೆ ಉಳಿಯುತ್ತದೆ. ನೋಡಲು ಚೆನ್ನಾಗಿಲ್ಲವೆಂದು ಅವನು ಅದೇ ಜಾಗದಲ್ಲಿ ಮತ್ತೊಮ್ಮೆ ಓಡಿಸುತ್ತಾನೆ. ಆ ಎರಡನೆಯ ಓಟದಲ್ಲಿ ಬೀಳುವುದು ಅರ್ಧ ಇಂಚಿನ ತುಂಡು ಉಣ್ಣೆ. ಅದು ಒಳ್ಳೆಯ ಉಣ್ಣೆಯೊಂದಿಗೆ ಬೆರೆತುಹೋಗುತ್ತದೆ. ಒಂದು ಗೇಣು ಉದ್ದದ ಲಿಂಕನ್ ಉಣ್ಣೆಯಲ್ಲಿ ಇಂಥ ತುಂಡುಗಳಿದ್ದರೆ ಅವು ಕೆಳಗೆ ಉದುರುತ್ತವೆ, ಉಳಿದದ್ದಕ್ಕೆ ನಷ್ಟವಿಲ್ಲ. ನಮ್ಮದು ಮೊದಲೇ ಮೂರು ನಾಲ್ಕು ಬೆರಳಿನ ಎಳೆ. ಅದರಲ್ಲಿ ತುಂಡು ಬೆರೆತರೆ ಹಿಂಜುವಾಗ ಗಂಟು ಕಟ್ಟುತ್ತದೆ, ರಾಟೆಯಲ್ಲಿ ನೂಲು ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗಿ ಬರುತ್ತದೆ, ಹುಣಸೆ ಬೀಜದ ಗಂಜಿ ಹಚ್ಚಿ ಮಗ್ಗಕ್ಕೆ ಏರಿಸಿದ ಹಾಸು ತೆಳುವಾದ ಕಡೆಯಲ್ಲಿ ಹರಿಯುತ್ತದೆ. ನಮ್ಮ ಉಣ್ಣೆಯನ್ನು ನೂಲುವ ಹಿರಿಯ ತಾಯಿಯೊಬ್ಬರು ಒಂದು ಹಿಡಿಯನ್ನು ಬೆರಳಲ್ಲಿ ಎಳೆದು ನೋಡಿ, “ತಮ್ಮಾ, ಎಳದ್ರ ಹರೀತದ ಇದು. ಕತ್ತರಿ ಉಣ್ಣಿ ಇದ್ರ ತಗೊಂಡ್ ಬಾ, ಮಿಷನ್ ಉಣ್ಣಿ ಬ್ಯಾಡ” ಎಂದು ಮೂಟೆಯನ್ನು ಹಿಂದಕ್ಕೆ ತಳ್ಳಿದರು. ಪ್ರಯೋಗಾಲಯದ ಯಾವ ವರದಿಗಿಂತಲೂ ಈ ತೀರ್ಪು ನನಗೆ ಮುಖ್ಯ, ಏಕೆಂದರೆ ನಮ್ಮ ಉಣ್ಣೆಗೆ ಅವರನ್ನು ಬಿಟ್ಟರೆ ಬೇರೆ ಗಿರಾಕಿ ಇಲ್ಲ.

ಈ ದೋಷ ಯಂತ್ರದ್ದೇ ಅಥವಾ ಕೈಯದ್ದೇ ಎಂದು ವಾದಿಸಬಹುದು. ಒಂದೇ ಓಟದಲ್ಲಿ, ಬಾಚಣಿಗೆಯ ಹಲ್ಲನ್ನು ಚರ್ಮಕ್ಕೆ ತಾಗಿಸಿಕೊಂಡೇ ಕತ್ತರಿಸಬೇಕು, ಉಳಿದ ಗೀರುಗಳನ್ನು ಹಾಗೆಯೇ ಬಿಡಬೇಕು ಎಂಬ ನಿಯಮವನ್ನು ಮುಂದಿನ ಕತ್ತರಿಕೆಯಲ್ಲಿ ಪಾಲಿಸಿದಾಗ ಅದೇ ತಾಯಿ ಉಣ್ಣೆಯನ್ನು ಒಪ್ಪಿಕೊಂಡರು, ಮೆಚ್ಚಿಕೊಳ್ಳಲಿಲ್ಲ. ಕುರಿ ನೋಡಲು ಅಂದಗೆಡುತ್ತದೆ, ಅದಕ್ಕೆ ಚಿಂತಿಸಬೇಕಾಗಿಲ್ಲ. ಇನ್ನೊಂದು ಕಿವಿಮಾತು: ಮರಿಗಳ ಮೊದಲ ಉಣ್ಣೆಯನ್ನು ಯಾವ ಕಾರಣಕ್ಕೂ ಯಂತ್ರಕ್ಕೆ ಕೊಡಬಾರದು. ಮರಿ ಉಣ್ಣೆಯೇ ಹಿಂಡಿನಲ್ಲಿ ಅತ್ಯಂತ ಮೃದು, ಅತ್ಯಂತ ಕಪ್ಪು. ಒಳ್ಳೆಯ ಕರಿ ಕಂಬಳಿಗೆ ಅದನ್ನೇ ಆಯ್ದು ಇಟ್ಟುಕೊಳ್ಳುತ್ತಾರೆ. ಮರಿಯ ಚರ್ಮ ತೆಳು, ಮೈ ಪುಟ್ಟದು, ಯಂತ್ರದ ಬ್ಲೇಡು ಅದರ ಬೆನ್ನಿನ ಅಗಲಕ್ಕೆ ದೊಡ್ಡದು. ಆ ಕೆಲಸಕ್ಕೆ ಕಮ್ಮಾರರು ಮಾಡಿಕೊಟ್ಟ ಹಳೆಯ ಕತ್ತರಿಗೆ ಸಾಟಿಯಾದ ಸಾಧನವನ್ನು ನಾನು ಇನ್ನೂ ಕಂಡಿಲ್ಲ.

ಹವಾಮಾನದ ಪ್ರಶ್ನೆಯನ್ನು ಮಾರಾಟಗಾರರು ಎತ್ತುವುದೇ ಇಲ್ಲ. ಯಂತ್ರವು ಉಣ್ಣೆಯನ್ನು ಚರ್ಮಕ್ಕೆ ಬಹಳ ಹತ್ತಿರ ಕತ್ತರಿಸುತ್ತದೆ, ಕೈಗತ್ತರಿ ಅರ್ಧ ಇಂಚಿನಷ್ಟಾದರೂ ಉಳಿಸುತ್ತದೆ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಎತ್ತರದ, ಚಳಿಯ ಸೀಮೆಯಲ್ಲಿ ಇಂದಿಗೂ ಕೆಲವರು ಕೈಗತ್ತರಿಯನ್ನು ಬಿಟ್ಟಿಲ್ಲದಿರುವುದು ಇದೇ ಕಾರಣಕ್ಕೆ: ಉಳಿದ ಆ ತೆಳು ಹೊದಿಕೆ ಕುರಿಯನ್ನು ಚಳಿಯಿಂದ ಕಾಯುತ್ತದೆ. ಬೀದರ್ ಎತ್ತರದ ಊರು, ಚಳಿಗಾಲದಲ್ಲಿ ರಾಜ್ಯದ ಕನಿಷ್ಠ ಉಷ್ಣಾಂಶದ ಸುದ್ದಿಯಲ್ಲಿ ಅದರ ಹೆಸರು ಮತ್ತೆ ಮತ್ತೆ ಬರುತ್ತದೆ. ಔರಾದ್, ಬಸವಕಲ್ಯಾಣದ ಕಡೆ ಬಯಲಿನಲ್ಲಿ ಮಲಗುವ ಹಿಂಡಿಗೆ ದೀಪಾವಳಿಯ ನಂತರ ಯಂತ್ರ ಹಾಕಿದರೆ ಎಳ್ಳಮಾವಾಸ್ಯೆಯ ಹೊತ್ತಿಗೆ ನೆಗಡಿ, ಉಬ್ಬಸದ ಕುರಿಗಳು ಹೆಚ್ಚಾಗುವ ಭಯವಿದೆ. ಗಬ್ಬದ ಕುರಿಗಳಿಗಂತೂ ದಿನ ತುಂಬುತ್ತಿರುವಾಗ ಯಂತ್ರದ ಹೊರಳಾಟವೂ ಬೇಡ, ಚಳಿಯೂ ಬೇಡ. ಸ್ವಲ್ಪ ಉಣ್ಣೆ ಉಳಿಸುವಂತೆ ಹಲ್ಲಿನ ಕೆಳಭಾಗವನ್ನು ದಪ್ಪಗೆ ಮಾಡಿದ ಬಾಚಣಿಗೆಗಳು ಹೊರದೇಶಗಳಲ್ಲಿ ಬಳಕೆಯಲ್ಲಿವೆ. ನಮ್ಮಲ್ಲಿ ಸಿಗುವ ಯಂತ್ರಗಳ ಡಬ್ಬಿಯಲ್ಲಿ ಅದು ಬರುವುದಿಲ್ಲ, ಅಂಗಡಿಯಲ್ಲಿ ಕೇಳಿದರೆ ಬೇರೆ ಏನನ್ನೋ ತೋರಿಸುತ್ತಾರೆ. ಹೀಗಾಗಿ ನಮ್ಮ ಹಿಂಡಿನಲ್ಲಿ ಮುಂಗಾರಿಗೆ ಮುಂಚಿನ ಕತ್ತರಿಕೆಗೆ ಯಂತ್ರ, ಚಳಿಗಾಲದ ಮುಂದಿನದಕ್ಕೆ ಕೈಗತ್ತರಿ ಎಂದು ಕೆಲಸವನ್ನು ಹಂಚಿದ್ದೇವೆ. ಮುಂಗಾರಿನ ಮುಂದಿನದಕ್ಕೂ ಒಂದು ಎಚ್ಚರಿಕೆ ಇದೆ. ಬೋಳಾದ ಮೈಗೆ ಮೇ ತಿಂಗಳ ನಡುಹಗಲಿನ ಬಿಸಿಲು ನೇರವಾಗಿ ತಾಗುವುದರಿಂದ, ಕತ್ತರಿಸಿದ ಮೊದಲ ವಾರ ಹಿಂಡನ್ನು ಬೆಳಿಗ್ಗೆ ಮತ್ತು ಸಂಜೆ ಮಾತ್ರ ಮೇಯಲು ಬಿಡಬೇಕು.

ಗಾಯಗಳ ಬಗ್ಗೆ ವಿವರವಾಗಿ ಹೇಳುವುದು ಅಗತ್ಯ. ಕೈಗತ್ತರಿಯ ಗಾಯ ಸಾಮಾನ್ಯವಾಗಿ ಒಂದು ಗೀರು. ಯಂತ್ರದ ಗಾಯ ಚರ್ಮದ ಒಂದು ಚೂರನ್ನೇ ಎತ್ತಿಬಿಡುತ್ತದೆ. ತೊಡೆಯ ಸಂದಿ, ಕೆಚ್ಚಲಿನ ಪಕ್ಕ, ಟಗರಿನ ಶಿಶ್ನದ ತುದಿ, ಕುತ್ತಿಗೆಯ ಮಡಿಕೆಗಳು ಅಪಾಯದ ಜಾಗಗಳು. ಮಳೆಗಾಲದಲ್ಲಿ ಇಂಥ ಗಾಯಕ್ಕೆ ನೊಣ ಕೂತು ಹುಳ ಬೀಳುತ್ತದೆ. ಕಂಡ ಕೂಡಲೇ ಟರ್ಪೆಂಟೈನ್ ಎಣ್ಣೆ ಹಾಕಿ ಹುಳ ತೆಗೆಯದಿದ್ದರೆ ಎರಡು ದಿನಗಳಲ್ಲಿ ಒಳಗೆ ತೂತು ಕೊರೆಯುತ್ತದೆ. ಇದಕ್ಕಿಂತ ಗಂಭೀರವಾದದ್ದು ಹಿಂಡಿನಿಂದ ಹಿಂಡಿಗೆ ದಾಟುವ ಸೋಂಕು. ದವಡೆಯ ಕೆಳಗೆ, ಹೆಗಲ ಮುಂದೆ ಗಡ್ಡೆ ಕಟ್ಟಿ ಕೀವು ತುಂಬುವ ರೋಗವೊಂದಿದೆ. ಅದರ ರೋಗಾಣು ಒಡೆದ ಗಡ್ಡೆಯ ಕೀವಿನಿಂದ ಬ್ಲೇಡಿಗೆ, ಬ್ಲೇಡಿನಿಂದ ಮುಂದಿನ ಕುರಿಯ ಗಾಯಕ್ಕೆ ಹೋಗುತ್ತದೆ. ಯಂತ್ರವನ್ನು ಬಾಡಿಗೆಗೆ ತಿರುಗಿಸುವ ಹುಡುಗರು ಒಂದೇ ಬ್ಲೇಡಿನಲ್ಲಿ ಮೂರು ಊರು ಮುಗಿಸುವುದನ್ನು ಕಂಡಿದ್ದೇನೆ. ನಿಮ್ಮ ದಡ್ಡಿಗೆ ಬರುವ ಯಂತ್ರದ ಬ್ಲೇಡನ್ನು ನಿಮ್ಮೆದುರಿಗೇ ಸೋಂಕುನಿವಾರಕದಲ್ಲಿ ತೊಳೆಸಿ, ಅಥವಾ ನಿಮ್ಮದೇ ಒಂದು ಜೊತೆ ಬ್ಲೇಡು ಇಟ್ಟುಕೊಂಡು ಅದನ್ನೇ ಹಾಕಿಸಿ. ಮೊದಲು ಎಳೆಯ ಕುರಿಗಳು, ಆಮೇಲೆ ಮುದಿ ಕುರಿಗಳು, ಗಡ್ಡೆ ಇದ್ದವು ಕಟ್ಟಕಡೆಗೆ ಎಂಬ ಸರದಿಯನ್ನೂ ಪಾಲಿಸಿ. ಕೈಗತ್ತರಿಗೂ ಇದೇ ಸರದಿ.

ಮಾಂಸದ ಲೆಕ್ಕಕ್ಕೆ ಬಂದರೆ ಯಂತ್ರದ ಮೌಲ್ಯ ಏರುತ್ತದೆ. ಆರು ತಿಂಗಳ ಉಣ್ಣೆ ಹೊತ್ತ ಕುರಿಯ ಮೈಕಟ್ಟು ಕಣ್ಣಿಗೆ ಕಾಣುವುದಿಲ್ಲ, ದಪ್ಪ ಕಾಣುವ ಕುರಿ ಮುಟ್ಟಿದರೆ ಮೂಳೆಯಾಗಿರುತ್ತದೆ. ಕತ್ತರಿಸಿದ ದಿನ ಪ್ರತಿಯೊಂದು ಕುರಿಯ ಸೊಂಟದ ಮೂಳೆಯ ಮೇಲೆ ಬೆರಳಾಡಿಸಿ ಮಾಂಸದ ತುಂಬುವಿಕೆಯನ್ನು 1ರಿಂದ 5ರವರೆಗೆ ಗುರುತು ಮಾಡಿಕೊಂಡರೆ, ಯಾವುದನ್ನು ಮಾರಬೇಕು, ಯಾವುದಕ್ಕೆ ತೊಗರಿ ಹೊಟ್ಟು, ಶೇಂಗಾ ಹಿಂಡಿ ಹೆಚ್ಚಿಸಬೇಕು, ಯಾವುದಕ್ಕೆ ಜಂತುವಿನ ಔಷಧ ಕೊಡಬೇಕು ಎಂಬುದು ಅಂದೇ ತೀರ್ಮಾನವಾಗುತ್ತದೆ. ಇಡೀ ಹಿಂಡು ಕೆಲವೇ ದಿನಗಳಲ್ಲಿ ಮುಗಿಯುವುದರಿಂದ ಈ ಹೋಲಿಕೆ ಸಾಧ್ಯ. ಕೈಗತ್ತರಿಯವರು ಬಿಡುವಾದಾಗ ಬಂದು ಎರಡು ವಾರ ಎಳೆದಾಡಿದರೆ ಮೊದಲ ಕುರಿಯ ಸ್ಥಿತಿ ಕೊನೆಯ ಕುರಿಯ ಹೊತ್ತಿಗೆ ಬದಲಾಗಿರುತ್ತದೆ. ಉಣ್ಣಿ ಹುಳ, ಹೇನುಗಳಿಗೆ ಔಷಧದ ನೀರಲ್ಲಿ ಮೈ ತೊಯ್ಯಿಸುವುದಕ್ಕೂ ಒಂದೇ ಸಮಯಕ್ಕೆ ಬೋಳಾದ ಹಿಂಡು ಅನುಕೂಲ. ಗಾಯ ಮಾಯುವ ತನಕ ಮಾತ್ರ ಕಾಯಬೇಕು.

ಬಕ್ರೀದಿಗೆ ಟಗರು ತಯಾರಿಸುವವರು ಯಂತ್ರದ ವಿಷಯದಲ್ಲಿ ಇನ್ನಷ್ಟು ಎಚ್ಚರದಿಂದಿರಬೇಕು. ಹಬ್ಬ ವರ್ಷದಿಂದ ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಕತ್ತರಿಕೆಯ ದಿನವನ್ನೂ ಅದರೊಂದಿಗೆ ಹಿಂದಕ್ಕೆ ತರುತ್ತ, ಹಬ್ಬಕ್ಕೆ ಒಂದೂವರೆ ತಿಂಗಳು ಮುಂಚೆ ಕತ್ತರಿಸಿದರೆ ಮೈಮೇಲೆ ಸಮನಾದ ಕಪ್ಪು ಹೊಳಪು ಬಂದಿರುತ್ತದೆ. ಗಿರಾಕಿಗಳು ಹಲ್ಲು, ಕಣ್ಣು, ಕೊಂಬು, ಕಿವಿ ಎಲ್ಲವನ್ನೂ ಪರೀಕ್ಷಿಸಿಯೇ ಬೆಲೆ ಮಾತನಾಡುತ್ತಾರೆ, ಕಿವಿ ತುಂಡಾದ ಟಗರು ಕುರ್ಬಾನಿಗೆ ಬೇಡವೆಂದು ಮುಂದೆ ಸಾಗುತ್ತಾರೆ. ದಖನಿಯ ಕಿವಿ ಜೋಲುಕಿವಿ, ಟಗರಿನ ಬಾಗಿದ ಕೊಂಬು ಅದರ ಮಗ್ಗುಲಲ್ಲೇ ಇರುತ್ತದೆ; ಆ ಇಕ್ಕಟ್ಟಿನಲ್ಲಿ ದಪ್ಪ ಹಿಡಿಕೆಯ ಯಂತ್ರ ತಿರುಗುವುದಿಲ್ಲ. ತಲೆ ಮತ್ತು ಕುತ್ತಿಗೆಯ ಮೇಲ್ಭಾಗವನ್ನು ಯಂತ್ರದಿಂದ ಮುಟ್ಟದಿರುವುದೇ ಕ್ಷೇಮ.

ಉಣ್ಣೆಯೇ ಇಲ್ಲದ ಕುರಿ ಸಾಕಿದರೆ ಈ ತಾಪತ್ರಯವೇ ಇರುವುದಿಲ್ಲವಲ್ಲ ಎಂದು ಹಲವರು ಹೇಳುತ್ತಾರೆ, ಹೇಳುವುದಷ್ಟೇ ಅಲ್ಲ, ಹಾಗೆಯೇ ಮಾಡುತ್ತಿದ್ದಾರೆ. ಯಾದಗಿರಿಯ ಕೃಷ್ಣಾ ತೀರದ ಕಡೆ ಕೆಂಗುರಿ, ಗಡಿಯಾಚೆಯ ಸಾಂಗ್ಲಿ ಕಡೆಯಿಂದ ಮಾಡಗ್ಯಾಳ ಟಗರು ಬಂದು ದಖನಿ ಹಿಂಡುಗಳಲ್ಲಿ ಬೆರೆತಿವೆ, ಹುಟ್ಟುವ ಮರಿಗಳು ಎತ್ತರವಾಗಿ, ಬೇಗ ತೂಕ ಕಟ್ಟುವಂಥವಾಗಿ, ಉಣ್ಣೆ ಕಡಿಮೆಯಾಗಿ ಬರುತ್ತಿವೆ. ಮಾಂಸವನ್ನು ಮಾತ್ರ ನೋಡುವವರಿಗೆ ಅದು ಸರಿಯಾದ ಲೆಕ್ಕ. ಮರಿಗಳ ಸಂಖ್ಯೆ ಹೆಚ್ಚಬೇಕೆಂದರೆ ದಖನಿ ರಕ್ತವನ್ನು ಬಿಡದೆಯೂ ದಾರಿ ಇದೆ: ಮಹಾರಾಷ್ಟ್ರದ ಫಲ್ಟಣದ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆಯವರು ಬಂಗಾಳದ ಸುಂದರಬನದ ಗರೋಲ್ ಕುರಿಯಲ್ಲಿರುವ ಅವಳಿ ಮರಿಯ ಗುಣವನ್ನು ದಖನಿಗೆ ತಂದು ನಾರಿ ಸುವರ್ಣ ಎಂಬ ತಳಿಯನ್ನು ರೂಪಿಸಿದ್ದಾರೆ. ನನ್ನ ಹಿಂಡು ಕಪ್ಪು ದಖನಿಯಾಗಿಯೇ ಉಳಿದಿರುವುದಕ್ಕೆ ಕಂಬಳಿ ಒಂದು ಕಾರಣ, ನಡೆಯುವ ಕಾಲು ಇನ್ನೊಂದು ಕಾರಣ. ಆದರೂ ಕಚ್ಚಾ ಉಣ್ಣೆಯ ಬೆಲೆ ಕತ್ತರಿಸುವ ಕೂಲಿಯನ್ನೂ ತುಂಬಿಕೊಡದ ಸ್ಥಿತಿಯಲ್ಲಿ, ಹಲವು ಊರುಗಳಲ್ಲಿ ಉಣ್ಣೆಯನ್ನು ಬೇಲಿಗೆ ಎಸೆಯುತ್ತಿರುವ ಸ್ಥಿತಿಯಲ್ಲಿ, ಕತ್ತರಿಕೆಯ ಖರ್ಚು ಇಳಿಸುವ ಯಾವ ಸಾಧನವನ್ನೂ ತಳ್ಳಿಹಾಕುವಂತಿಲ್ಲ.

ವಿದ್ಯುತ್ ಮತ್ತು ಬಿಡಿಭಾಗಗಳ ವಿಷಯ ಚಿಕ್ಕದು, ಆದರೆ ಕೊಳ್ಳುವ ಮುಂಚೆ ತಿಳಿದಿರಬೇಕು. ಹೊಲದ ಲೈನಿನಲ್ಲಿ ಹಗಲು ಕರೆಂಟು ಇಲ್ಲದ ಕಡೆ ಸಣ್ಣ ಜನರೇಟರು ಬೇಕಾಗುತ್ತದೆ. ವರ್ಷದ ಹೆಚ್ಚಿನ ತಿಂಗಳು ಊರೂರು ಅಲೆಯುವ ಹಿಂಡುಗಳಿಗೆ ತಂತಿಯ ಯಂತ್ರ ನಿರುಪಯೋಗಿ. ಬ್ಯಾಟರಿಯ ಮಾದರಿಗಳು ಹಗುರ, ಆದರೆ ದಖನಿಯ ಒರಟು ಉಣ್ಣೆಯಲ್ಲಿ ಬೇಗ ಸೋಲುತ್ತವೆ. ಅಂಗಳದ ಸ್ವಿಚ್ಚಿಗೆ ಸೋರಿಕೆ ಕಂಡ ಕೂಡಲೇ ವಿದ್ಯುತ್ ಕಡಿಯುವ ಬ್ರೇಕರನ್ನು ಹಾಕಿಸದೆ ಕುರಿಯ ಮೈಮೇಲೆ ಯಂತ್ರ ಇಡಬೇಡಿ. ನಾನು ಕೊಂಡ ಕಡೆಯವರು ಬ್ಲೇಡು ಮಸೆದುಕೊಡುವ ವ್ಯವಸ್ಥೆ ಇದೆ ಎಂದಿದ್ದರು. ಕಳುಹಿಸಿದ ಬ್ಲೇಡುಗಳು ಕತ್ತರಿಕೆಯ ಕಾಲ ಮುಗಿದ ಮೇಲೆ ಹಿಂದಿರುಗಿದವು, ಅವುಗಳಲ್ಲಿ ಒಂದನ್ನು ಓರೆಯಾಗಿ ಮಸೆದಿದ್ದರು. ಈ ಬ್ಲೇಡು ಕ್ಷೌರದ ಕತ್ತಿಯಂತೆ ಕಲ್ಲಿನ ಮೇಲೆ ಮಸೆಯುವಂಥದ್ದಲ್ಲ, ತಿರುಗುವ ಚಪ್ಪಟೆ ತಟ್ಟೆಗೆ ಎಮೆರಿ ಎಂಬ ಸಾಣೆ ಕಾಗದ ಅಂಟಿಸಿ ಸಮನಾಗಿ ಒತ್ತಬೇಕು. ಕಲಬುರಗಿಯ ಲೇತ್ ಅಂಗಡಿಯ ಮೇಸ್ತ್ರಿಯೊಬ್ಬರು ಒಮ್ಮೆ ತೋರಿಸಿದ್ದೇ ತಡ ಅದನ್ನು ಕಲಿತುಕೊಂಡು, ಈಗ ಚೆನ್ನಾಗಿ ಮಾಡಿಕೊಡುತ್ತಿದ್ದಾರೆ. ಮೇಲಿನ ಬ್ಲೇಡು ಕೆಳಗಿನದಕ್ಕಿಂತ ಬೇಗ ಸವೆಯುತ್ತದೆ. ಒಂದು ಬಾಚಣಿಗೆಗೆ ಮೂರು ಮೇಲಿನ ಬ್ಲೇಡುಗಳಂತೆ ಮೊದಲೇ ಕೊಂಡಿಟ್ಟುಕೊಂಡರೆ ಕೆಲಸ ನಿಲ್ಲುವುದಿಲ್ಲ.

ಯಾರು ಕೊಳ್ಳಬಹುದು? ಐವತ್ತಕ್ಕಿಂತ ಕಡಿಮೆ ಕುರಿಗಳಿದ್ದು ಉಣ್ಣೆಯನ್ನು ಕಂಬಳಿಗೆ ಕೊಡುವವರಿಗೆ ಯಂತ್ರ ಬೇಡ. ಕೈಗತ್ತರಿಯ ಒಬ್ಬ ಒಳ್ಳೆಯ ಕೆಲಸಗಾರನಿಗೆ ಕೂಲಿಯನ್ನು ಸ್ವಲ್ಪ ಹೆಚ್ಚಿಸಿ ಅವನನ್ನು ಉಳಿಸಿಕೊಳ್ಳುವುದು ಲಾಭ. ಕಟ್ಟಿ ಸಾಕುವ, ಟಗರು ಕೊಬ್ಬಿಸುವ, ಉಣ್ಣೆಯನ್ನು ಲೆಕ್ಕಕ್ಕೇ ಹಿಡಿಯದ ಶೆಡ್ಡಿನವರು ಹಿಂಜರಿಯದೆ ಕೊಳ್ಳಬಹುದು, ಅವರಿಗೆ ಐದರಲ್ಲಿ ನಾಲ್ಕು ಅಂಕ. ನನ್ನಂತೆ ಎರಡನ್ನೂ ನಡೆಸುವವರಿಗೆ ಎರಡೂವರೆ ಅಂಕಕ್ಕಿಂತ ಹೆಚ್ಚು ಕೊಡಲಾರೆ. ಊರಿನ ಐದಾರು ಹಿಂಡಿನವರು ಸೇರಿ ಒಂದು ಯಂತ್ರ ಕೊಂಡು, ಬ್ಲೇಡು ಮಾತ್ರ ಪ್ರತಿಯೊಬ್ಬರೂ ತಮ್ಮ ತಮ್ಮದನ್ನು ಇಟ್ಟುಕೊಂಡು, ಕುರಿ ಕೂರಿಸುವ ಪದ್ಧತಿಯನ್ನು ಇಬ್ಬರು ಹುಡುಗರಿಗೆ ಕಲಿಸಿ, ಅವರಿಗೆ ಕುರಿಯ ಲೆಕ್ಕದಲ್ಲಿ ಅಲ್ಲದೆ ದಿನದ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಅವಸರದ ಎರಡನೆಯ ಓಟವೂ ನಿಲ್ಲುತ್ತದೆ, ಗಾಯವೂ ಕಡಿಮೆಯಾಗುತ್ತದೆ. ಕೊಳ್ಳುವಾಗ ಅಂಗಡಿಯಲ್ಲಿ ಬಾಗಿದ ಹಲ್ಲಿನ ಕುರಿ ಬಾಚಣಿಗೆಯನ್ನೇ ಕೇಳಿ. ದನ, ಕುದುರೆಯ ರೋಮ ತೆಗೆಯುವ ನೇರ ಬ್ಲೇಡಿನ ಯಂತ್ರ ನೋಡಲು ಹಾಗೆಯೇ ಇದ್ದು ಬೆಲೆಯೂ ಕಡಿಮೆ ಇರುತ್ತದೆ, ಅದು ದಖನಿ ಕುರಿಯ ಉಣ್ಣೆಯೊಳಗೆ ಹೋಗುವುದೇ ಇಲ್ಲ.